ಪುಸ್ತಕ ತೆರೆಯಿರಿ, ಮೊದಲು ನಿಮ್ಮ ಪುಟದಿಂದ

ಓದುಗರ ಪತ್ರ: ನಮ್ಮದು 14 ಹೆಂಗಸರ ಸ್ವಸಹಾಯ ಸಂಘ, ಸಂಜೀವಿನಿ ಒಕ್ಕೂಟಕ್ಕೆ ಸೇರಿದೆ. ಒಬ್ಬ ಸದಸ್ಯೆಯ ಪಾಸ್‌ಪುಸ್ತಕದಲ್ಲಿ ಸಾಲದ ಬಾಕಿ 5,000 ರೂಪಾಯಿ, ಸಂಘದ ಖಾತೆ ಪುಸ್ತಕದಲ್ಲಿ 7,300. ತಿಂಗಳ ಕಂತು 1,000. ಮೊದಲಿನಿಂದಲೂ ಲೆಕ್ಕ ಬರೆಯುವವರು ನನ್ನ ಓರಗಿತ್ತಿ. ಕೇಳಿದರೆ ಮನೆಯಲ್ಲಿ ಮನಸ್ತಾಪ, ಕೇಳದಿದ್ದರೆ ಸಂಘ ಒಡೆಯುತ್ತದೆ. ಅಧ್ಯಕ್ಷೆಯಾಗಿ ನಾನೇನು ಮಾಡಲಿ?
ಹೆಸರು ಬೇಡವೆಂದ ಓದುಗರು, ಹಾವೇರಿ ಜಿಲ್ಲೆ

ಸಂಪಾದಕರ ಉತ್ತರ:

ಓರಗಿತ್ತಿಯನ್ನು ಅಡುಗೆಮನೆಯಲ್ಲಿ ಒಬ್ಬರನ್ನೇ ಕೂರಿಸಿಕೊಂಡು ಕೇಳಬೇಡಿ. ಅಲ್ಲಿ ಕೇಳಿದ್ದು ಆರೋಪವಾಗುತ್ತದೆ, ಅವರು ಕೊಟ್ಟ ಉತ್ತರಕ್ಕೆ ದಾಖಲೆ ಇರುವುದಿಲ್ಲ. ಆಮೇಲೆ ಉಳಿದ 12 ಜನ "ಮನೆಯವರಿಬ್ಬರೂ ಒಳಗೇ ಮುಗಿಸಿಕೊಂಡರು" ಎಂದರೆ ನಿಮ್ಮಲ್ಲಿ ಉತ್ತರವಿಲ್ಲ. ಈ ಮಾತು ಸಭೆಯಲ್ಲೇ ಆಗಬೇಕು. ಆದರೆ ಆ ಒಬ್ಬ ಸದಸ್ಯೆಯ ಲೆಕ್ಕವೆಂದಲ್ಲ, ಎಲ್ಲ 14 ಜನರ ಲೆಕ್ಕವೆಂದು.

ವ್ಯತ್ಯಾಸ ಕಂಡ ಎರಡು ಪುಟಗಳ ಫೋಟೊ ಇವತ್ತೇ ಮೊಬೈಲಿನಲ್ಲಿ ತೆಗೆದಿಡಿ. "ಮುಂದಿನ ಸಭೆಗೆ ಎಲ್ಲರೂ ಪಾಸ್‌ಪುಸ್ತಕ ತನ್ನಿ, ತಾಳೆ ನೋಡೋಣ" ಎಂದು ಹೇಳಿ ಕಳಿಸಿ; ಓರಗಿತ್ತಿಗೂ ಇದೇ ಮಾತು ಮೊದಲೇ ತಿಳಿದಿರಲಿ. ಸಭೆಯಲ್ಲಿ ಮೊದಲು ನಿಮ್ಮ ಪುಟವನ್ನೇ ಗಟ್ಟಿಯಾಗಿ ಓದಿಸಿ. ನಿಮ್ಮದೇ ಕಂತು ಬಾಕಿಯಿದ್ದರೆ ಅದೂ ಎಲ್ಲರ ಕಿವಿಗೆ ಬೀಳಲಿ, ದಂಡವಿದ್ದರೆ ಅಲ್ಲೇ ಕಟ್ಟಿ. ಅಧ್ಯಕ್ಷೆಯ ಪುಟ ಮುಚ್ಚಿಟ್ಟು ಉಳಿದವರ ಪುಟ ತೆರೆದರೆ ಅದನ್ನು ತನಿಖೆ ಅನ್ನುತ್ತಾರೆ.

ಇನ್ನು ಆ 2,300. ಈ ಅಂಕಿಯನ್ನೇ ಸ್ವಲ್ಪ ನೋಡಿ. ಕಂತು 1,000 ಆಗಿರುವಾಗ ಬರೀ ಕಂತು ಬಿಟ್ಟುಹೋಗಿದ್ದರೆ ವ್ಯತ್ಯಾಸ 2,000 ಅಥವಾ 3,000 ಬರಬೇಕಿತ್ತು. ಹಾಗಾಗಿ ಇಲ್ಲಿ ಎರಡು ಬಗೆಯ ತಪ್ಪು ಸೇರಿಕೊಂಡಿರುವ ಸಾಧ್ಯತೆ ಹೆಚ್ಚು. ಎರಡು ಕಂತು ಖಾತೆಗೆ ಏರದೆ ಉಳಿದಿರಬಹುದು. 300 ರೂಪಾಯಿ ಬಡ್ಡಿಯನ್ನು ಪಾಸ್‌ಪುಸ್ತಕದಲ್ಲಿ ಅಸಲಿನ ಕಾಲಮಿನಲ್ಲಿ ಬರೆದಿರಬಹುದು. ಆಗ ಅಲ್ಲಿ ಬಾಕಿ ಇರಬೇಕಾದ್ದಕ್ಕಿಂತ ಕಡಿಮೆ ಕಾಣುತ್ತದೆ.

ಹುಡುಕುವುದು ಹೀಗೆ. ಪಾಸ್‌ಪುಸ್ತಕದ ಒಂದೊಂದೇ ತಾರೀಖು ಒಬ್ಬರು ಓದಲಿ, ಇನ್ನೊಬ್ಬರು ಖಾತೆ ಪುಸ್ತಕದಲ್ಲಿ ಟಿಕ್ ಹಾಕಲಿ. ಟಿಕ್ ಬೀಳದ ತಾರೀಖು ಸಿಕ್ಕಿದ ಕೂಡಲೇ ಅದೇ ದಿನದ ನಗದು ಪುಸ್ತಕ, ನಡಾವಳಿ ಎರಡನ್ನೂ ತೆರೆಯಿರಿ. ನಗದು ಪುಸ್ತಕದಲ್ಲಿ ಹಣ ಬಂದಿದ್ದರೆ ಅದು ಖಾತೆಗೆ ಏರಿಸುವಾಗ ಆದ ತಪ್ಪು. ಒಂದೇ ಹೆಸರಿನ ಇಬ್ಬರಿರುವ ಸಂಘದಲ್ಲಿ ಒಬ್ಬರ ಕಂತು ಇನ್ನೊಬ್ಬರ ಪುಟಕ್ಕೆ ಹೋಗುವುದು ತೀರ ಸಾಮಾನ್ಯ. ಹೆಸರಿನ ಜೊತೆ ಸದಸ್ಯೆಯ ಸಂಖ್ಯೆ ಬರೆದರೆ ಇದು ನಿಲ್ಲುತ್ತದೆ. ನಗದು ಪುಸ್ತಕದಲ್ಲೂ ಇಲ್ಲ, ನಡಾವಳಿ ನೋಡಿದರೆ ಆ ದಿನ ಸಭೆಯೇ ಆಗಿಲ್ಲ ಎಂದಾದರೆ, ಹಣವನ್ನು ನಲ್ಲಿ ಹತ್ತಿರವೋ ಹೊಲದ ದಾರಿಯಲ್ಲೋ ಕೊಟ್ಟು ಪಾಸ್‌ಪುಸ್ತಕಕ್ಕೆ ಮಾತ್ರ ಬರೆಸಿಕೊಂಡಿರುತ್ತಾರೆ. ಲೆಕ್ಕ ಕೆಡುವುದಕ್ಕೆ ನಾವು ಕಂಡ ಮುಖ್ಯ ಕಾರಣ ಇದೇ. ಸಭೆಯ ಹೊರಗೆ ಯಾರೂ ಹಣ ಕೊಡಬಾರದು, ಯಾರೂ ಇಸಿದುಕೊಳ್ಳಬಾರದು ಎಂದು ಅವತ್ತೇ ಠರಾವು ಮಾಡಿ.

ತಪ್ಪು ಸಿಕ್ಕ ಕಡೆ ವೈಟ್ನರ್ ಹಚ್ಚಬೇಡಿ. ಹಳೆಯ ಅಂಕಿಯ ಮೇಲೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದು ಬರೆದು ಇಬ್ಬರು ಸಹಿ ಮಾಡಿ. ಇನ್ನೊಂದು ಮಾತು ಒತ್ತಿ ಹೇಳಬೇಕು: ಮನೆಯ ಮರ್ಯಾದೆಗೆಂದು 2,300 ರೂಪಾಯಿ ನಿಮ್ಮ ಕೈಯಿಂದ ಹಾಕಿಬಿಡಬೇಡಿ. ಲೆಕ್ಕ ತಾಳೆಯಾಗುತ್ತದೆ, ಕಾರಣ ಹಾಗೇ ಉಳಿಯುತ್ತದೆ, ಮುಂದಿನ ವರ್ಷ ಅದೇ ಕಾರಣ ದೊಡ್ಡ ಮೊತ್ತ ತರುತ್ತದೆ.

ಮುಂದಕ್ಕೆ ಸಭೆ ಮುಗಿಸುವ ಮೊದಲು ದಿನದ ನಗದನ್ನು ಎಲ್ಲರೆದುರು ಎಣಿಸಿ. ಉದಾಹರಣೆಗೆ, ಹಿಂದಿನ ಶಿಲ್ಕು 1,240, ಉಳಿತಾಯ 1,400, ಅಸಲು 6,000, ಬಡ್ಡಿ 720, ದಂಡ 20, ಒಟ್ಟು 9,380. ಹೊಸ ಸಾಲ 5,000, ಬ್ಯಾಂಕಿಗೆ 4,000, ಪುಸ್ತಕ ಪೆನ್ನಿಗೆ 80 ಹೋದರೆ ಪೆಟ್ಟಿಗೆಯಲ್ಲಿ 300 ಇರಲೇಬೇಕು. ಅಂಕಿ ಓದುವವರೊಬ್ಬರು, ನೋಟು ಎಣಿಸುವವರು ಬೇರೊಬ್ಬರು. ಎಣಿಸುವ ಪಾಳಿ ಅಕ್ಷರ ಬಾರದವರಿಗೂ ಬರಲಿ. ನೋಟು ಎಣಿಸಲು ಅವರಿಗೆ ಯಾರೂ ಕಲಿಸಬೇಕಿಲ್ಲ. ಹೀಗೆ ಪ್ರತಿ ಸಲ ನಡೆದರೆ ಲೆಕ್ಕ ಬರೆಯುವವರ ಮೇಲೆ ಗುಮಾನಿ ಹುಟ್ಟುವುದಕ್ಕೇ ಜಾಗವಿರುವುದಿಲ್ಲ. ಸಂಬಳವಿಲ್ಲದೆ ಇಷ್ಟು ವರ್ಷ ಬರೆದ ನಿಮ್ಮ ಓರಗಿತ್ತಿಗೆ ಈ ರಕ್ಷಣೆ ಮೊದಲೇ ಸಿಗಬೇಕಿತ್ತು.

ಬಡ್ಡಿಯ ಲೆಕ್ಕವನ್ನೂ ಒಮ್ಮೆ ಎಲ್ಲರಿಗೂ ಬಿಡಿಸಿ ಹೇಳಿ. 10,000 ರೂಪಾಯಿ ಸಾಲ, ತಿಂಗಳಿಗೆ 2 ರೂಪಾಯಿ ಬಡ್ಡಿ, 10 ಕಂತು ಅಂದುಕೊಳ್ಳಿ. ಉಳಿದ ಅಸಲಿನ ಮೇಲೆ ಹಾಕಿದರೆ ಒಟ್ಟು ಬಡ್ಡಿ 1,100, ಮೂಲ ಸಾಲದ ಮೇಲೇ ಹಾಕುತ್ತ ಹೋದರೆ 2,000. ಯಾವ ರೀತಿ ಎಂದು ಠರಾವಿನಲ್ಲಿ ಇಲ್ಲದಿದ್ದರೆ ಈ 900 ರೂಪಾಯಿಗೆ ಸುಮ್ಮನೆ ಯಾರೋ ಕಳ್ಳರಾಗುತ್ತಾರೆ.

ಬ್ಯಾಂಕ್ ಪಾಸ್‌ಬುಕ್ ತಿಂಗಳಿಗೊಮ್ಮೆ ಪ್ರಿಂಟ್ ಮಾಡಿಸಿ, ಹಣ ತೆಗೆದ ಪ್ರತಿ ಸಾಲಿನ ಎದುರು ಠರಾವಿನ ಸಂಖ್ಯೆ ಬರೆಯಿರಿ. ಖಾಲಿ ಚೆಕ್ಕಿಗೆ ಮುಂಚಿತವಾಗಿ ಸಹಿ ಹಾಕಿಕೊಡುವ ಅಭ್ಯಾಸವಿದ್ದರೆ ಇವತ್ತೇ ಬಿಡಿ. ಇಬ್ಬರ ಸಹಿ ಬೇಕೆಂದು ನಿಯಮ ಮಾಡಿದ್ದರ ಅರ್ಥವೇ ಅಲ್ಲಿ ಹೋಗುತ್ತದೆ. 1992ರಲ್ಲಿ ಕೃಷಿ, ಗ್ರಾಮೀಣ ಅಭಿವೃದ್ಧಿಯ ಬ್ಯಾಂಕಾದ ನಬಾರ್ಡ್ 500 ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಕೆಲಸ ಶುರುಮಾಡಿದಾಗಿನಿಂದ ಇಂಥ ಸಂಘಗಳಿಗೆ ಅಡವಿಲ್ಲದೆ ಸಾಲ ಸಿಗುತ್ತ ಬಂದಿರುವುದು ಉಳಿತಾಯ, ಮರುಪಾವತಿ ಮತ್ತು ಈ ಪುಸ್ತಕಗಳ ಬಲದಿಂದ.

ಎಲ್ಲ ಹುಡುಕಿದ ಮೇಲೂ ಹಣ ಯಾರದೋ ಕೈಯಲ್ಲಿ ಉಳಿದದ್ದು ಖಚಿತವಾದರೆ ಕೂಗಾಡುವುದು ಬೇಡ. ಮೊತ್ತ, ತಾರೀಖು, ಎಷ್ಟು ಕಂತಿನಲ್ಲಿ ಕಟ್ಟುತ್ತಾರೆ ಎಂಬುದನ್ನು ನಡಾವಳಿಯಲ್ಲಿ ಬರೆದು ಎಲ್ಲರ ಸಹಿ, ಹೆಬ್ಬೆಟ್ಟು ಹಾಕಿಸಿ. ಹಿಂದಿನ ಲೆಕ್ಕ ನೋಡಲು ಒಕ್ಕೂಟದ ಎಂಬಿಕೆಯನ್ನು (ಮುಖ್ಯ ಪುಸ್ತಕ ಬರಹಗಾರರನ್ನು) ಕರೆಸಿ. ಹೊರಗಿನವರು ಓದಿದರೆ ಮನೆಯ ಮಾತು ಬರುವುದಿಲ್ಲ. ತಪ್ಪು ಯಾರದೇ ಆಗಿರಲಿ, ಈ ವರ್ಷದಿಂದ ಬರೆಯುವ ಕೆಲಸ ಕೈ ಬದಲಾಗಲಿ. ಸಂಘದಲ್ಲಿ ಓದಿದ ಇನ್ನಿಬ್ಬರನ್ನು ಗುರುತಿಸಿ, ಎರಡು ತಿಂಗಳು ಓರಗಿತ್ತಿಯ ಪಕ್ಕದಲ್ಲೇ ಕೂರಿಸಿ ಬರೆಸಿ. ಬ್ಯಾಂಕಿನಲ್ಲಿ ಸಹಿ ಮಾಡುವವರಲ್ಲಿ ನೀವಿಬ್ಬರೂ ಇದ್ದರೆ ಒಬ್ಬರು ಹಿಂದೆ ಸರಿಯಿರಿ. ಒಂದೇ ಮನೆಯ ಎರಡು ಸಹಿ ಒಂದು ಸಹಿಗೆ ಸಮ. ಬದಲಾವಣೆಯ ಠರಾವಿನ ಪ್ರತಿ ಮತ್ತು ಹೊಸಬರ ಕೆವೈಸಿ ಕಾಗದ ಬ್ಯಾಂಕಿಗೆ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ.