ಶತಾವರಿ ಡಬ್ಬಿ ಬದಲಾಯಿಸುವ ಮುಂಚೆ ಪಂಪಿನ ವಾಲ್ವ್ ಬಿಚ್ಚಿ ನೋಡಿ

ಮಗುವಿಗೆ ಐದು ತಿಂಗಳು, ಆಫೀಸಿಗೆ ಮರಳಿ ಮೂರು ವಾರ. ಪಂಪ್ ಇಟ್ಟು ಎದೆಹಾಲು ತೆಗೆದರೆ ಒಂದು ಸಲಕ್ಕೆ 120 ಎಂಎಲ್ ಬರುತ್ತಿದ್ದದ್ದು 50ಕ್ಕೆ ಇಳಿದಿದೆ. ಹಾಲು ಹೆಚ್ಚಲಿ ಅಂತ ಬೆಳಿಗ್ಗೆ ಲ್ಯಾಕ್ಟೇರ್ ಕ್ಯಾಪ್ಸೂಲ್, ಮಧ್ಯಾಹ್ನ ಮೆಂತ್ಯದ ಕ್ಯಾಪ್ಸೂಲ್, ರಾತ್ರಿ ಶತಾವರಿ ಗ್ರ್ಯಾನ್ಯೂಲ್ಸ್ ನಡೀತಿದೆ, ಈಗ ಲೆಪ್ಟಾಡೆನ್ ಮಾತ್ರೆ ಕೂಡ ಸೇರಿಸಲಾ ಅಂತ ಗುಂಪಿನಲ್ಲಿ ಕೇಳಿದ್ದೀರಿ. ನಿಮ್ಮ ಪೋಸ್ಟಿನ ಕೆಳಗೆ ಎಲ್ಲರೂ ಒಂದೊಂದು ಬ್ರ್ಯಾಂಡ್ ಹೆಸರು ಹೇಳಿ ಹೋಗಿದ್ದಾರೆ. ಪಂಪಿನ ವಾಲ್ವ್ (ಎಳೆತ ಹಿಡಿದಿಡುವ ಪುಟ್ಟ ಸಿಲಿಕೋನ್ ಭಾಗ) ಯಾವಾಗ ಬದಲಾಯಿಸಿದ್ದು ಅಂತ ಒಬ್ಬರೂ ಕೇಳಿಲ್ಲ. ಓದಿ ಸುಮ್ನಿರಲು ಆಗಲಿಲ್ಲ. ಇದೇ ತಪ್ಪನ್ನು ನಾನು ಆರು ವಾರ ಮಾಡಿದ್ದೇನೆ.

ನಮ್ಮ ಆಫೀಸಿನಲ್ಲಿ ಪಂಪ್ ಮಾಡಲು ಕೊಟ್ಟದ್ದು ಯುಪಿಎಸ್ ಬ್ಯಾಟರಿ ಇಟ್ಟಿದ್ದ ರೂಮು. ಚಿಲಕ ಇರಲಿಲ್ಲ, ಬಾಗಿಲಿಗೆ ಕುರ್ಚಿ ಅಡ್ಡ ಇಟ್ಟು ಅದರ ಮೇಲೇ ಕೂರುತ್ತಿದ್ದೆ. ಮೊದಲ ವಾರ ಚೆನ್ನಾಗಿತ್ತು. ಎರಡನೇ ವಾರದಿಂದ ಇಳಿಯತೊಡಗಿತು. ಅಮ್ಮನಿಗೆ ಫೋನ್ ಮಾಡಿದೆ. ಅಮ್ಮ ಸಾಗರದ ಕಡೆಯವರು. ತೋಟದ ಬೇಲಿಯಲ್ಲಿದ್ದ ಹಲವು ಮಕ್ಕಳ ತಾಯಿ ಬೇರು ಅಗೆಸಿ, ಸಿಪ್ಪೆ ಸುಲಿದು, ನಡುವಿನ ನಾರು ಎಳೆದು, ಒಣಗಿಸಿ, ಪುಡಿ ಮಾಡಿ ಬಸ್ಸಿಗೆ ಹಾಕಿ ಕಳಿಸಿದರು. (ಶತಾವರಿ ಅಂದರೆ ಅದೇ ಬೇರು. ಅಂಗಡಿ ಡಬ್ಬಿಯ ಬೆಲೆ ಹೇಳಿದಾಗ ಅಮ್ಮ ನಕ್ಕಿದ್ದು ಇನ್ನೂ ಕಿವಿಯಲ್ಲಿದೆ.) ಎರಡು ವಾರ ರಾತ್ರಿ ಹಾಲಿಗೆ ಹಾಕಿಕೊಂಡು ಕುಡಿದೆ. ಏನೂ ಏರಲಿಲ್ಲ. ಪುಡಿ ಸಾಲದು ಅಂತ ಗ್ರ್ಯಾನ್ಯೂಲ್ಸ್ ತಂದೆ. ಅದೂ ಸಾಲದು ಅಂತ ಮೆಂತ್ಯದ ಕ್ಯಾಪ್ಸೂಲ್, ಹೊತ್ತಿಗೆ ಎರಡರಂತೆ ದಿನಕ್ಕೆ ಆರು.

ನಾಲ್ಕನೇ ದಿನಕ್ಕೆ ಬೆವರು ಬೆಲ್ಲದ ಪಾಕದ ಹಾಗೆ ವಾಸನೆ ಹೊಡೆಯಲು ಶುರುವಾಯಿತು. ಪಕ್ಕದ ಸೀಟಿನವಳು ಯಾರೋ ಸ್ವೀಟ್ ತಂದಿದ್ದಾರೆ ಅಂತ ಹುಡುಕಾಡಿದಳು. ಮಗುವಿಗೆ ಹೊಟ್ಟೆಯಲ್ಲಿ ಗಾಳಿ ತುಂಬಿ ರಾತ್ರಿಯೆಲ್ಲಾ ಕಾಲು ಮಡಚಿ ಅಳು. ಹಾಲು ಮಾತ್ರ ಅಷ್ಟೇ. ಡಬ್ಬಿ, ಕ್ಯಾಪ್ಸೂಲ್, ಹಾಲು ಹೆಚ್ಚಿಸುತ್ತೆ ಅಂತ ಮಾರುವ ಕುಕೀಸ್ ಅಂತ ನಾಲ್ಕು ಸಾವಿರ ದಾಟಿತ್ತು.

ಕೊನೆಗೆ ಸಿಕ್ಕಿದ್ದು ಹೇಗೆ ಗೊತ್ತಾ? ಒಂದು ರಾತ್ರಿ ಪಂಪಿನ ಭಾಗಗಳನ್ನು ತೊಳೆಯುತ್ತಿದ್ದಾಗ ಆ ಬಿಳಿ ಸಿಲಿಕೋನ್ ಡಕ್‌ಬಿಲ್ ವಾಲ್ವ್ ಅನ್ನು ಟ್ಯೂಬ್‌ಲೈಟಿಗೆ ಹಿಡಿದೆ. ತುದಿಯಲ್ಲಿ ಬಾತಿನ ಕೊಕ್ಕಿನ ಹಾಗೆ ಒಂದು ಸೀಳು ಇರುತ್ತದಲ್ಲಾ, ಅದು ಕೈ ಬಿಟ್ಟಾಗ ಪೂರ್ತಿ ಮುಚ್ಚಿಕೊಂಡಿರಬೇಕು. ನನ್ನದು ಬಾಯಿ ಬಿಟ್ಟುಕೊಂಡಿತ್ತು, ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಹರಿದಿತ್ತು. ಚೆನ್ನಾಗಿ ತೊಳೀಬೇಕು ಅಂತ ನಾನೇ ದಿನಾ ಬ್ರಷ್ಷಿನ ತುದಿಯನ್ನು ಅದರೊಳಗೆ ತೂರಿಸುತ್ತಿದ್ದೆ! ಮೋಟರ್ ಸದ್ದು ಮಾಡುತ್ತದೆ, ಎಳೆತ ಇರುವುದಿಲ್ಲ. ಎಳೆತ ಇಲ್ಲದಿದ್ದರೆ ಎದೆ ಖಾಲಿಯಾಗುವುದಿಲ್ಲ. ದಿನಾ ಹಾಲು ಒಳಗೇ ನಿಂತರೆ ದೇಹ ಇಷ್ಟು ಬೇಡ ಅಂದುಕೊಂಡು ಮಾಡುವುದನ್ನೇ ಕಡಿಮೆ ಮಾಡುತ್ತದೆ. ಮೇಲಿಂದ ಎಷ್ಟು ಬೇರು ಅರೆದು ಕುಡಿದರೇನು?

ಹೊಸ ವಾಲ್ವ್ ಜೋಡಿ ಮುನ್ನೂರು ಚಿಲ್ಲರೆ ಆಯಿತು. ಹಾಕಿದ ದಿನವೇ 45 ಇದ್ದದ್ದು 80 ಬಂತು. ಪೂರ್ತಿ ಹಳೇ ಲೆಕ್ಕಕ್ಕೆ ಬರಲು ಇನ್ನೂ ಹತ್ತು ದಿನ ಹಿಡಿಯಿತು. ಯಾಕಂದರೆ ವಾಲ್ವ್ ಅರ್ಧ ಕಾರಣ, ಉಳಿದರ್ಧ ನಾನೇ. ಮೀಟಿಂಗ್ ನೆಪದಲ್ಲಿ ನಾಲ್ಕೂವರೆಯ ಪಂಪ್ ಬಿಟ್ಟುಬಿಟ್ಟಿದ್ದೆ. ನೀವು ಆಫೀಸಿನಲ್ಲಿ ದಿನಕ್ಕೆ ಮೂರು ಸಲ ಪಂಪ್ ಮಾಡುತ್ತೇನೆ ಅಂತ ಬರೆದಿದ್ದೀರಿ. ನಿಜವಾಗಿ ಮೂರಾ? ಒಂದು ವಾರ ಟೈಮ್ ಬರೆದಿಡಿ. ನಾನು ಬರೆದು ನೋಡಿದಾಗ ಐದು ದಿನಕ್ಕೆ ಹತ್ತೇ ಆಗಿತ್ತು.

ದಿನಾ ಪಂಪ್ ಮಾಡುವವರು ಡಕ್‌ಬಿಲ್ ಅನ್ನು ಒಂದೆರಡು ತಿಂಗಳಿಗೊಮ್ಮೆ ಬದಲಾಯಿಸಿ. ಒಳಗೆ ಬ್ರಷ್ ಹಾಕಬೇಡಿ, ಸೋಪು ನೀರಲ್ಲಿ ಅದ್ದಿ ಬೆರಳಲ್ಲಿ ಮೆಲ್ಲಗೆ ಉಜ್ಜಿ ಸಾಕು. ಒಂದು ಜೊತೆ ಯಾವಾಗಲೂ ಬ್ಯಾಗಲ್ಲಿರಲಿ.

ಫ್ಲ್ಯಾಂಜ್ (ಎದೆಗೆ ಹಚ್ಚುವ ಆಲಿಕೆಯಂಥ ಭಾಗ) ಅಳತೆಯನ್ನೂ ನೋಡಿ. ಬಹಳಷ್ಟು ಪಂಪಿನ ಜೊತೆ 24 ಎಂಎಂ ಬರುತ್ತದೆ, ಎಲ್ಲರಿಗೂ ಅದು ಸರಿ ಹೋಗಲ್ಲ. ನನಗೆ 19 ಬೇಕಾಯಿತು. ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ ಕೊಳವೆಯೊಳಗೆ ಎಳೆದುಕೊಂಡು ಹೋಗುತ್ತಿದ್ದರೆ ದೊಡ್ಡದಾಯಿತು ಅಂತ, ತೊಟ್ಟು ಗೋಡೆಗೆ ಉಜ್ಜಿ ಬಿಳುಚಿಕೊಂಡರೆ ಚಿಕ್ಕದಾಯಿತು ಅಂತ. ನೋವು ಸಹಿಸಿಕೊಂಡು ಸಕ್ಷನ್ ಜಾಸ್ತಿ ಇಟ್ಟರೆ ಹಾಲು ಜಾಸ್ತಿ ಬರುತ್ತೆ ಅನ್ನುವುದು ಸುಳ್ಳು. ನೋವಾದರೆ ಹಾಲು ಸರಿಯಾಗಿ ಹೊರಗೆ ಬರೋದೇ ಇಲ್ಲ.

ಈಗ ನನ್ನ ಮೆಚ್ಚಿನ ವಿಧಾನ, ಗುಂಪಿನ ಹಳಬರಿಗೆ ಕೇಳಿ ಕೇಳಿ ಸಾಕಾಗಿರಬಹುದು. ಪಂಪ್ ಹಚ್ಚುವ ಮುಂಚೆ ಎರಡು ನಿಮಿಷ ಕಂಕುಳ ಕಡೆಯಿಂದ ತೊಟ್ಟಿನ ಕಡೆಗೆ ನೀವಿ, ಹಗುರವಾಗಿ. ಆಮೇಲೆ ಪಂಪ್ ಓಡುತ್ತಿರುವಾಗಲೂ ಕೈ ಬಿಡಬೇಡಿ, ಗಟ್ಟಿ ಇರುವ ಕಡೆ ಒತ್ತುತ್ತಾ ಇರಿ. ಧಾರೆ ನಿಂತು ಹನಿ ಶುರುವಾದಾಗ ಎಲ್ಲರೂ ಆಫ್ ಮಾಡಿ ಎದ್ದುಬಿಡುತ್ತಾರಲ್ಲಾ, ಆಗ ಏಳಬೇಡಿ. ಪಂಪ್ ತೆಗೆದು ಕೈಯಲ್ಲೇ ಐದು ನಿಮಿಷ ಹಿಂಡಿ. ಹೆಬ್ಬೆರಳು ಮೇಲೆ, ಎರಡು ಬೆರಳು ಕೆಳಗೆ, ತೊಟ್ಟಿನಿಂದ ಒಂದಿಂಚು ಹಿಂದೆ. ಮೊದಲು ಎದೆಗೂಡಿನ ಕಡೆ ಒತ್ತಿ, ಆಮೇಲೆ ಬೆರಳು ಕೂಡಿಸಿ. ಚರ್ಮದ ಮೇಲೆ ಜಾರಿಸಬೇಡಿ. ನನಗೆ ಈ ಐದು ನಿಮಿಷದಲ್ಲಿ ಇನ್ನೂ 20ರಿಂದ 30 ಎಂಎಲ್ ಬರುತ್ತಿತ್ತು, ಅದೂ ಗಟ್ಟಿ ಹಳದಿ ಕೆನೆ ಹಾಲು. ಮೊದಲ ಮೂರು ದಿನ ಏನೂ ಬರಲ್ಲ, ಬಿಡಬೇಡಿ. ಪವರ್ ಪಂಪಿಂಗ್ (20 ನಿಮಿಷ ಪಂಪ್, 10 ಬಿಡುವು, 10 ಪಂಪ್, 10 ಬಿಡುವು, 10 ಪಂಪ್) ರಾತ್ರಿ ಒಂದು ಸಲ, ಒಂದು ವಾರ ಮಾಡಿ ನೋಡಬಹುದು. ಆದರೆ ಹರಿದ ವಾಲ್ವ್ ಇಟ್ಟುಕೊಂಡು ಮಾಡಿದರೆ ತೂತು ಕೊಡದಲ್ಲಿ ನೀರು ಸೇದಿದ ಹಾಗೆ.

ಇನ್ನು ಗಿಡಮೂಲಿಕೆ ವಿಷಯ. ನಾನು ವಿರೋಧಿ ಅಲ್ಲ, ಮನೆಯಲ್ಲಿ ಬಾಣಂತನ ಮಾಡಿಸಿಕೊಂಡವಳೇ. ಸಬ್ಬಸಿಗೆ ಸೊಪ್ಪಿನ ಪಲ್ಯ, ಹುರಿದ ಬೆಳ್ಳುಳ್ಳಿ, ಅಳವಿ ಪಾಯಸ, ಅಂಟಿನ ಉಂಡೆ ಎಲ್ಲಾ ಧಾರಾಳ ತಿನ್ನಿ. ಆಫೀಸಿಗೆ ಹೋಗುವವರು ಮಧ್ಯಾಹ್ನ ಡಬ್ಬಿಯ ಅರ್ಧ ಊಟ ವಾಪಸ್ ತರುತ್ತಾರೆ, ಅವರಿಗೆ ಬೆಳಿಗ್ಗೆ ಒಂದು ಅಳವಿ ಉಂಡೆ ಹೊಟ್ಟೆಗೆ ಆಧಾರ. ಕ್ಯಾಪ್ಸೂಲ್ ಬೇರೆ ಲೆಕ್ಕ. ಪಲ್ಯಕ್ಕೆ ಹಾಕುವ ಒಂದು ಚಮಚ ಮೆಂತ್ಯ ಮತ್ತು ದಿನಕ್ಕೆ ಆರು ಕ್ಯಾಪ್ಸೂಲ್ ಒಂದೇ ಅಲ್ಲ. ಸಕ್ಕರೆ ಕಾಯಿಲೆಗೆ ಔಷಧಿ ತಗೊಳ್ಳುವವರಿಗೆ ಶುಗರ್ ಇನ್ನೂ ಇಳಿಯಬಹುದು. ರಕ್ತ ತೆಳುವಾಗಿಸುವ ಮಾತ್ರೆ ಇದ್ದವರು ಮುಟ್ಟಬೇಡಿ. ಶೇಂಗಾ, ಕಡಲೆ ಅಲರ್ಜಿ ಇದ್ದವರಿಗೆ ಮೆಂತ್ಯವೂ ಆಗದೇ ಇರಬಹುದು. ಮತ್ತೆ ಬಸುರಿ ಆಗಿದ್ದರೆ ಬೇಡವೇ ಬೇಡ. ಮಗುವಿನ ಮೂತ್ರಕ್ಕೂ ಆ ಪಾಕದ ವಾಸನೆ ಬರಬಹುದು, ಮಕ್ಕಳ ಡಾಕ್ಟರಿಗೆ ಮೊದಲೇ ಹೇಳಿ. ಅದೇ ವಾಸನೆ ಬರುವ ಒಂದು ದೊಡ್ಡ ಕಾಯಿಲೆ ಇದೆ, ಸುಮ್ನೆ ಗಾಬರಿಯಾಗಿ ಟೆಸ್ಟ್ ಬರೆದುಬಿಡುತ್ತಾರೆ.

ನೀವು ತಗೊಳ್ಳುತ್ತಿರುವ ಲ್ಯಾಕ್ಟೇರ್ ಡಬ್ಬಿಯ ಹಿಂಬದಿ ಓದಿದ್ದೀರಾ? ಶತಾವರಿ, ಅಶ್ವಗಂಧ, ಜ್ಯೇಷ್ಠಮಧು, ಮೆಂತ್ಯ, ಬೆಳ್ಳುಳ್ಳಿ. ಅದರ ಮೇಲೆ ಇನ್ನೊಂದು ಮೆಂತ್ಯ, ಇನ್ನೊಂದು ಶತಾವರಿ! ಮೂರು ಹೆಸರಲ್ಲಿ ಅದನ್ನೇ ನುಂಗುತ್ತಿದ್ದೀರಿ. ಜ್ಯೇಷ್ಠಮಧು ಜಾಸ್ತಿಯಾದರೆ ಬಿಪಿ ಏರುತ್ತದೆ, ಗರ್ಭಿಣಿ ಇದ್ದಾಗ ಬಿಪಿ ಇದ್ದವರು ಡಾಕ್ಟರನ್ನು ಕೇಳದೆ ತಗೊಳ್ಳಬೇಡಿ. ಲೆಪ್ಟಾಡೆನ್‌ನಲ್ಲಿ ಜೀವಂತಿ ಮತ್ತು ಕಾಂಬೋಜಿ, ಅದು ಬೇರೆ ಜಾತಿ, ಆದರೆ ಈಗಿನ ಗುಡ್ಡೆಯ ಮೇಲೆ ಅದೂ ಬೇಡ. ಗ್ರ್ಯಾನ್ಯೂಲ್ಸ್ ಯಾವ ಕಂಪನಿಯದಾದರೂ ಸಕ್ಕರೆ ಎಷ್ಟಿದೆ ನೋಡಿ. ಲ್ಯಾಕ್ಟೇಶನ್ ಕುಕೀಸ್ ಅಂತ ಮಾರುವವರ ಬಗ್ಗೆ ಮಾತಾಡಿದರೆ ಅಡ್ಮಿನ್ ನನ್ನ ಕಮೆಂಟ್ ತೆಗೆದುಹಾಕುತ್ತಾರೆ. ಲೇಬಲ್ ಇಲ್ಲದ ಹೋಮ್‌ಮೇಡ್ ಪುಡಿಯನ್ನು ಮಾತ್ರ ಗೊತ್ತಿಲ್ಲದವರಿಂದ ತರಿಸಬೇಡಿ. ನಮ್ಮಮ್ಮನಿಗೆ ಬೇಲಿಯ ಬಳ್ಳಿ ಗೊತ್ತು, ಪುಡಿ ಮಾರುವವರಿಗೆ ಗೊತ್ತಿದೆ ಅಂತ ಯಾರು ಹೇಳಿದರು?

ತಗೊಳ್ಳಲೇಬೇಕು ಅಂದರೆ ಒಂದೇ ಒಂದು ಇಟ್ಟುಕೊಳ್ಳಿ, ಎರಡು ವಾರ ಬರೆದು ನೋಡಿ, ಏರದಿದ್ದರೆ ನಿಲ್ಲಿಸಿ. ಪುರಾವೆಯೂ ಅಷ್ಟಕ್ಕಷ್ಟೇ. 2020ರ ಕಾಕ್ರೇನ್ (ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಸಂಸ್ಥೆ) ವಿಮರ್ಶೆಯಲ್ಲಿ ಇಂಥ ಗಿಡಮೂಲಿಕೆಗಳಿಂದ ಸ್ವಲ್ಪ ಲಾಭ ಇರಬಹುದು, ಆದರೆ ಖಚಿತವಾಗಿ ಹೇಳುವಷ್ಟು ಒಳ್ಳೆಯ ಅಧ್ಯಯನಗಳಿಲ್ಲ ಅಂತಲೇ ಬರೆದಿದ್ದಾರೆ.

ಮೇಲಿನ ಕಮೆಂಟಲ್ಲಿ ಒಬ್ಬರು ಹಾಲು ಹೆಚ್ಚಿಸಲು ಡೊಂಪೆರಿಡೋನ್ ಮಾತ್ರೆ ಮೆಡಿಕಲ್ ಶಾಪಲ್ಲಿ ಸಿಗುತ್ತೆ, ತಗೊಳ್ಳಿ ಅಂದಿದ್ದಾರೆ. ದಯವಿಟ್ಟು ಹೀಗೆಲ್ಲಾ ಹೇಳಬೇಡಿ. ಹೃದಯದ ಬಡಿತ ಏರುಪೇರಾಗುವ ಅಪಾಯ ಇರುವ ಮಾತ್ರೆ ಅದು, ಡಾಕ್ಟರ್ ನೋಡಿ ಬರೆಯಬೇಕು.

ಹಾಲು ಕಡಿಮೆಯಾಗಲು ಬೇರೆ ಕಾರಣಗಳೂ ಇವೆ. ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಒಂದು ಸಲ ನೋಡಿಸಿ. ಹೊಸದಾಗಿ ಗರ್ಭನಿರೋಧಕ ಮಾತ್ರೆ ಶುರು ಮಾಡಿದ್ದೀರಾ? ಈಸ್ಟ್ರೋಜನ್ ಇರುವುದಾದರೆ ಹಾಲು ಇಳಿಸುತ್ತದೆ. ಮೂಗು ಕಟ್ಟಿದ್ದಕ್ಕೆ ತಗೊಳ್ಳುವ ಸೂಡೋಎಫೆಡ್ರಿನ್ ಮಾತ್ರೆಯೂ ಹಾಗೇ. ಮುಟ್ಟು ಮರಳಿದ್ದರೆ ಆ ದಿನಗಳಲ್ಲಿ ಇಳಿದು ತಾನೇ ಏರುತ್ತದೆ.

ಇನ್ನೊಂದು, ಅತ್ತೆಯವರು 'ಮೂರು ಸಲ 150 ಕೊಟ್ಟರೂ ಸಾಲುತ್ತಿಲ್ಲ' ಅನ್ನುತ್ತಾರೆ ಅಂತ ಬರೆದಿದ್ದೀರಿ. ನೀವು ಇಲ್ಲದ ಒಂದೊಂದು ಗಂಟೆಗೆ ಸುಮಾರು 30ರಿಂದ 45 ಎಂಎಲ್ ಲೆಕ್ಕ ಹಿಡಿಯಿರಿ. ನೀವು ಹತ್ತು ಗಂಟೆ ಹೊರಗಿದ್ದರೆ 300ರಿಂದ 450. ಅಂದರೆ 450 ಮೇಲಿನ ತುದಿ, ಕಡಿಮೆ ಏನಲ್ಲ. ಬಾಟಲಿಯಲ್ಲಿ ಗಟಗಟ ಇಳಿಯುತ್ತದೆ, ಹೊಟ್ಟೆ ತುಂಬಿದ್ದು ಮಗುವಿಗೇ ಗೊತ್ತಾಗಲ್ಲ. ನಮ್ಮ ಅತ್ತೆಗೆ ಹೇಳಿ ಸೋತು, ಹಳೇ ಬೆಳ್ಳಿ ಒಳಲೆಯನ್ನೇ ಕೈಗೆ ಕೊಟ್ಟೆ. 'ಇದಾದರೆ ನಂಗೆ ಬರುತ್ತಮ್ಮಾ' ಅಂತ ಖುಷಿಯಾದರು. ಕೂರಿಸಿಕೊಂಡು ನಿಧಾನಕ್ಕೆ ಕುಡಿಸಿದಾಗ ಒಂದು ಹೊತ್ತಿಗೆ 100 ಸಾಕಾಯಿತು. ದಿನಕ್ಕೆ ಆರು ಸಲವಾದರೂ ಉಚ್ಚೆ ಹೋಗುತ್ತಿದೆ, ತೂಕ ಏರುತ್ತಿದೆ ಅಂದರೆ ಮಗುವಿಗೆ ಸಾಲುತ್ತಿದೆ. ತೂಕ ನಿಂತಿದ್ದರೆ ಮಾತ್ರ ಈ ಗುಂಪಿನಲ್ಲಿ ಕೂರಬೇಡಿ, ಅವತ್ತೇ ಡಾಕ್ಟರ ಹತ್ತಿರ ಹೋಗಿ.

ರಾತ್ರಿ ಹಾಲು ಬಿಡಿಸಬೇಡಿ. ಹಾಲು ಮಾಡಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನ್ ರಾತ್ರಿಯೇ ಜಾಸ್ತಿ. ಶನಿವಾರ ಭಾನುವಾರ ಬಾಟಲಿ, ಪಂಪ್ ಎರಡೂ ಮೂಲೆಗಿಟ್ಟು ಮಗುವಿಗೆ ನೇರ ಎದೆ ಹಾಲೇ ಕುಡಿಸಿ. ಬಾಣಂತಿ ನೀರು ಕುಡಿಯಬಾರದು ಅನ್ನುವವರ ಮಾತು ಕೇಳಬೇಡಿ, ಹಾಗಂತ ಐದು ಲೀಟರ್ ಕುಡಿದರೆ ಹಾಲು ಏರಲ್ಲ, ಬರೀ ಟಾಯ್ಲೆಟ್ಟಿಗೆ ಓಡಾಟ.

ಹಾಲು ತರುವ ಬ್ಯಾಗಲ್ಲಿ ಐಸ್ ಪ್ಯಾಕ್ ಇರಲಿ. ನಮ್ಮ ಏಪ್ರಿಲ್ ಬಿಸಿಲಲ್ಲಿ ಹಾಲು ಹೊರಗೆ ನಾಲ್ಕು ಗಂಟೆ ಕೆಡಲ್ಲ ಅನ್ನುವ ಲೆಕ್ಕವನ್ನು ನಂಬಬೇಡಿ, ಅದು ತಣ್ಣಗಿನ ರೂಮಿಗೆ. ಕರಗಿಸಿದ ಹಾಲನ್ನು ಮತ್ತೆ ಫ್ರೀಜರಿಗೆ ಇಡಬೇಡಿ.

ಮ್ಯಾನೇಜರ್ ಮುಖ ನೋಡಿ ಪಂಪ್ ಬಿಡುತ್ತಿದ್ದರೆ, ಮಗುವಿಗೆ 15 ತಿಂಗಳಾಗುವವರೆಗೆ ಊಟದ ಬಿಡುವು ಬಿಟ್ಟು ದಿನಕ್ಕೆ ಎರಡು ನರ್ಸಿಂಗ್ ಬ್ರೇಕ್ ಕಾನೂನಿನಲ್ಲೇ ಇದೆ. ಬಾಯಲ್ಲಿ ಕೇಳಬೇಡಿ, ಎಚ್‌ಆರ್‌ಗೆ ಮೇಲ್ ಹಾಕಿ. ನಾನು ಮೇಲ್ ಹಾಕಿದ ಮೂರನೇ ದಿನ ಆ ಬ್ಯಾಟರಿ ರೂಮಿಗೆ ಚಿಲಕ ಬಂತು.

ಇವತ್ತು ರಾತ್ರಿ ವಾಲ್ವ್ ಬಿಚ್ಚಿ, ಒರೆಸಿ, ಬೆಳಕಿಗೆ ಹಿಡಿದು ಫೋಟೋ ಹಾಕಿ. ಪಂಪಿನ ಮಾಡೆಲ್ ಕೂಡ ಬರೆಯಿರಿ, ಒಂದರ ವಾಲ್ವ್ ಇನ್ನೊಂದಕ್ಕೆ ಕೂರುವುದಿಲ್ಲ. ನಮ್ಮ ಮನೆಯಲ್ಲಿ ಒಂದು ಜೊತೆ ಸೀಲ್ ಒಡೆಯದ್ದು ಉಳಿದಿದೆ, ಸರಿ ಹೋದರೆ ಕೊರಿಯರ್ ಮಾಡುತ್ತೇನೆ.