ಕಟ್ಟಿಗಿ ಪಟ್ಟಿ ಹಿಂದ ಯಾವ ಬೋರ್ಡ್ ಹಾಕಬೇಕು
ಸರ, ನೀವು ಕೇಳಿದ್ದು, ಟಿಳಕವಾಡ್ಯಾಗ ಮಾಳಗಿ ಮ್ಯಾಲಿನ ಸ್ಟೀಲ್ ಫ್ರೇಮ್ ರೂಮಿನ ಪಶ್ಚಿಮದ ಗ್ವಾಡಿಗೆ 10 ಎಂಎಂ ಸಂದಿ ಬಿಟ್ಟು ಅಡ್ಡ ಪಟ್ಟಿ ಬಡೀತೀವಿ, ಹಿಂದ ಎಂಆರ್ ಪ್ಲೈ (ಸ್ವಲ್ಪ ತೇವ ತಾಳೂ ಪ್ಲೈವುಡ್) ಹಾಕಿ ನೀರು ತಡಿಯೂ ಬಿಳಿ ಶೀಟ್ ಸುತ್ತಿದ್ರ ಸಾಕೇನು ಅಂತ. ಸಾಲೂದಿಲ್ರಿ. ಎಂಆರ್ ಪ್ಲೈ ಮನಿ ಒಳಗಿನ ಕೆಲಸದ್ದು. ಸಂದಿ ಇರೋ ಪಟ್ಟಿ ಮಳಿ ಹೊಡತ ಕಡಿಮಿ ಮಾಡ್ತಾವ ಅಷ್ಟ, ನೀರು ತಡಿಯೂದು ಹಿಂದಿನ ಪದರನ. ಮಳಿಗಾಲದಾಗ ನಮ್ಮ ಬೆಳಗಾವ್ಯಾಗ ಗಾಳಿ ಪಶ್ಚಿಮದಿಂದನ ಬೀಸಿ ಮಳಿ ಅಡ್ಡ ಹೊಡಿತೈತಿ, ಉಳಿದ ಟೈಮ್ ಸಂಜಿ ಬಿಸಲು ಸಂದ್ಯಾಗಿಂದ ಸೀದಾ ಹಿಂದಿನ ಶೀಟ್ ಮ್ಯಾಲ ಬೀಳ್ತೈತಿ, ಸಾದಾ ಶೀಟ್ ಕೆಲವು ತಿಂಗಳ ಬಿಸಲು ತಾಳ್ತೈತಿ, ಆಮ್ಯಾಲ ಹರದು ಪುಡಿ ಆಗ್ತೈತಿ.

ನಾನಾದ್ರ 10 ಎಂಎಂ ಫೈಬರ್ ಸಿಮೆಂಟ್ ಬೋರ್ಡ್ ಹಾಕ್ತೇನಿ. ಕೊಳಿಯೂದಿಲ್ಲ, ಗೆದ್ದಲ ಹತ್ತೂದಿಲ್ಲ. ಆದ್ರ ಕೊಯ್ದ ಅಂಚು ನೀರು ಹೀರ್ತೈತಿ, ಅದಕ ಪ್ರತಿ ಅಂಚಿಗೆ ಪ್ರೈಮರ್ ಹೊಡೀಲೇಬೇಕು, ಬೋರ್ಡ್ ನಡುವ 3-4 ಎಂಎಂ ಬಿಟ್ಟು ಪಿಯು ಸೀಲಂಟ್ (ರಬ್ಬರಿನಂಗ ಹಿಗ್ಗೂ ಪಾಲಿಯುರೆಥೇನ್ ಅಂಟು) ತುಂಬಸ್ರಿ, ಪುಟ್ಟಿ ಸಾಕು ಅಂದ್ರ ಕೇಳಬ್ಯಾಡ್ರಿ, ಪುಟ್ಟಿ ಬಿರಿತೈತಿ. ಅದರ ಮ್ಯಾಲ ಓಪನ್ ಜಾಯಿಂಟ್‌ಗೇ, ಅಂದ್ರ ಸಂದಿ ಬಿಟ್ಟ ಪಟ್ಟಿಗೇ, ಅಂತ ಮಾಡಿದ ಕಪ್ಪು ಯುವಿ ಮೆಂಬ್ರೇನ್ (ಬಿಸಲು ತಾಳೂ, ನೀರು ತಡಿಯೂ ಹಾಳಿ) ಹಾಕ್ರಿ, ಎಷ್ಟು ಸಂದಿ ತನಕ ನಡೀತೈತಿ ಅಂತ ಡೇಟಾಶೀಟ್‌ನಾಗ ಬರದಿರ್ತಾರ, ತಗೊಳ್ಳೂಕಿಂತ ಮೊದಲ ಓದ್ರಿ.

ಪಟ್ಟಿ ಬಡಿಯಾಕ ಹಿಂದ ಹಾಕೂ ರೀಪು ನಿಲುವಾಗಿ ಇರ್ಲಿ, 25 ಎಂಎಂ ಆದ್ರೂ ಬೇಕು, ಅಡ್ಡ ಬಡದ್ರ ನೀರು ಅದರ ಮ್ಯಾಲೇ ನಿಲ್ತೈತಿ. ಕೆಳಗ ಮ್ಯಾಲ ಗಾಳಿಗೆ ತೆರದಿಟ್ಟು ಸ್ಟೀಲ್ ಜಾಳಿಗಿ ಕೂಡ್ರಸ್ರಿ, ಹುಳ ಗೂಡು ಕಟ್ಟಬಾರ್ದು. ಸ್ಕ್ರೂ ಸ್ಟೇನ್‌ಲೆಸ್ಸೇ ತಗೋರಿ. ಮತ್ತ ಕಿಟಕಿ ಮ್ಯಾಲಿನ ಫ್ಲಾಶಿಂಗ್‌ದ (ನೀರು ಹೊರಗ ಹಾಯಿಸೂ ತಗಡು) ಮ್ಯಾಲಿನ ಅಂಚು ಮೆಂಬ್ರೇನ್ ಹಿಂದ ಹೋಗಬೇಕು, ಪಟ್ಟಿ ಬಡಿಯೂಕಿಂತ ಮೊದಲ ನೀವ ನಿಂತು ಪೈಪಿಂದ ನೀರು ಬಿಟ್ಟು ನೋಡ್ರಿ.