ಅಭ್ಯರ್ಥಿಯ ವಯಸ್ಸು: ಯಾವ ದಿನದ ಲೆಕ್ಕ?

ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ನಿಂತವರ ವಯಸ್ಸನ್ನು ಮತದಾರ ನೋಡಬೇಕೇ ಅಂತ ಕೇಳಿದ್ದೀರಿ. ನೋಡಬೇಕು, ಆದರೆ ಚುನಾವಣೆಯ ದಿನದ್ದಲ್ಲ, ಅವಧಿ ಮುಗಿಯುವ ದಿನದ್ದು. 2024ರ ಜುಲೈನಲ್ಲಿ ಕಣದಿಂದ ಸರಿದಾಗ ಆಗಿನ ಅಧ್ಯಕ್ಷ ಬೈಡನ್‌ಗೆ 81. ಗೆದ್ದು ಅವಧಿ ಪೂರೈಸಿದ್ದರೆ 86 ಆಗಿರುತ್ತಿತ್ತು. ಸಂವಿಧಾನದಲ್ಲಿ ಕನಿಷ್ಠ 35 ಅಂತಿದೆ, ಗರಿಷ್ಠ ಮಿತಿ ಇಲ್ಲ. ಆರೋಗ್ಯದ ವರದಿಯೂ ಅಭ್ಯರ್ಥಿಗಳು ಒಪ್ಪಿದಷ್ಟೇ ಹೊರಬರುತ್ತದೆ.

'ಕೈಲಾಗದಿದ್ದರೆ ಆಮೇಲೆ ಇಳಿಸಿದರಾಯ್ತು' ಅನ್ನಬೇಡಿ. ಸಂವಿಧಾನದ 25ನೇ ತಿದ್ದುಪಡಿಯ 4ನೇ ವಿಭಾಗದಂತೆ ಉಪಾಧ್ಯಕ್ಷರೂ ಸಂಪುಟದ ಬಹುಮತವೂ (ಆ ಸಚಿವರನ್ನು ನೇಮಿಸಿದ್ದೇ ಅಧ್ಯಕ್ಷರು!) 'ಅಧ್ಯಕ್ಷರಿಗೆ ಕೆಲಸ ಮಾಡಲಾಗುತ್ತಿಲ್ಲ' ಎಂದು ಲಿಖಿತವಾಗಿ ಹೇಳಬೇಕು. ಅಧ್ಯಕ್ಷರು 'ನಾನು ಸರಿಯಾಗಿದ್ದೇನೆ' ಎಂದು ಪತ್ರ ಬರೆದರೆ 4 ದಿನದೊಳಗೆ ಇವರು ಮತ್ತೆ ಬರೆಯಬೇಕು. ಆಮೇಲೆ 21 ದಿನದಲ್ಲಿ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ ಬೀಳಬೇಕು. ತಪ್ಪಿನ ಆರೋಪ ಹೊರಿಸಿ ಅಧ್ಯಕ್ಷರನ್ನು ತೆಗೆಯುವ ಮಹಾಭಿಯೋಗಕ್ಕಿಂತಲೂ ಕಷ್ಟ. 1967ರಲ್ಲಿ ಜಾರಿಗೆ ಬಂದ ಈ ವಿಭಾಗವನ್ನು ಒಮ್ಮೆಯೂ ಬಳಸಿಲ್ಲ.

ಹಾಗಂತ ಕಡಿಮೆ ವಯಸ್ಸೇ ಖಾತರಿಯೂ ಅಲ್ಲ. 1919ರಲ್ಲಿ ಪಾರ್ಶ್ವವಾಯು ಬಡಿದಾಗ ಅಧ್ಯಕ್ಷ ವಿಲ್ಸನ್‌ಗೆ ಬರೀ 62.

ನನ್ನ ಕೇಳಿದರೆ, ವಯಸ್ಸಾದ ಅಭ್ಯರ್ಥಿಗೆ ವೋಟು ಹಾಕುವಾಗ ಉಪಾಧ್ಯಕ್ಷ ಅಭ್ಯರ್ಥಿಯನ್ನು ಇನ್ನೂ ಗಟ್ಟಿಯಾಗಿ ತೂಗಿ ನೋಡಿ. 1945ರ ಏಪ್ರಿಲ್‌ನಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ತೀರಿಕೊಂಡು ಆ ಸ್ಥಾನ ಟ್ರೂಮನ್‌ಗೆ ಬಂದಾಗ ಅವರು ಉಪಾಧ್ಯಕ್ಷರಾಗಿ 82 ದಿನವಷ್ಟೇ ಆಗಿತ್ತು. ಅಣುಬಾಂಬಿನ ಪೂರ್ತಿ ವಿವರ ಅವರಿಗೆ ಸಿಕ್ಕಿದ್ದು ಪ್ರಮಾಣವಚನದ ನಂತರ.